ಅಳಿಸಿಹೋದ ಗೆರೆ ದಾಟಿದ್ದಕ್ಕೆ ಫೌಲ್

ಗೆಳೆಯರೇ, ನನಗಿನ್ನೂ ಕೋಪ ಇಳಿದಿಲ್ಲ. ಇಂದು ಸಂಜೆ ಜಯನಗರದ ಮಣ್ಣಿನ ಅಂಕಣದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವಾಗ ನಮ್ಮ ತಂಡದ ಸೀನ ಬಿದ್ದು, ಮೊಣಕಾಲು ಹಿಡಿದು ಕೂಗಿಕೊಂಡ. ರೆಫರಿ ಸೀಟಿ ಊದಲಿಲ್ಲ. ಆಟ ಅವನ ಸುತ್ತಲೇ ನಡೆಯಿತು. ತಡೆಯಲಾರದೆ ಕೋಚ್ ರಾಮಣ್ಣ ಒಳಗೆ ಓಡಿದರು. ಆಗ ಸೀಟಿ ಕೇಳಿಸಿತು.

"ನನ್ನ ಕೇಳ್ದೆ ಗೆರೆ ದಾಟಿದ್ರಿ. ನಿಮ್ಮ ಮೇಲೆ ಫೌಲ್!"

"ಹುಡುಗನ ಕಾಲು ನೋಡ್ರೀ ಸ್ವಾಮಿ! ಗೆರೆ ಎಲ್ಲಿದೆ ಇಲ್ಲಿ? ಸುಣ್ಣ ಎಲ್ಲಾ ಅಳಿಸಿಹೋಗಿದೆ."

"ರೂಲ್ಸ್ ಅಳಿಸಿಲ್ವಲ್ಲ. ಮೊದ್ಲು ಆಚೆ ನಡೀರಿ."

ಸೀನ ನರಳುತ್ತಿರುವಾಗಲೇ ಎದುರು ತಂಡಕ್ಕೆ ಫ್ರೀ ಥ್ರೋ ಕೊಟ್ಟರು. ಕೊನೆಗೆ ನಾವೇ ಅವನನ್ನು ಹೊತ್ತು ಜಟಕಾ ಹತ್ತಿಸಿದೆವು. ತಿರುಗಿ ನೋಡಿದರೆ, ರೆಫರಿ ಆಟ ನಿಲ್ಲಿಸಿ ಹೊಸ ಸುಣ್ಣ ಹಾಕಿಸುತ್ತಿದ್ದರು. ಪಾಪ, ಗೆರೆಗಾದ ಪೆಟ್ಟು ಮಾತ್ರ ಅವರ ಕಣ್ಣಿಗೆ ಬಿದ್ದಿತ್ತು.