ಹೆಣ್ಣು ಟರ್ಕಿಗೆ ನಾನು ಸಂಗೀತ ಕಲಿಸಿದ್ದು

ನಮ್ಮದು ಕೇಕ್ ತಿನ್ನುವ ಮೊದಲು ಮೊಟ್ಟೆ ಹಾಕಿದೆಯೇ ಎಂದು ಎರಡೆರಡು ಸಲ ವಿಚಾರಿಸುವ ಮನೆ. ಅಂಥ ಮನೆಯಲ್ಲಿ, ಎಪ್ಪತ್ತು ದಾಟಿದ ಮೇಲೆ, ಗಂಡ ಹೆಂಡತಿ ಮಗಳು ಸೇರಿ ಟರ್ಕಿ ಕೋಳಿ ಬೇಟೆಯ ಸಾಮಾನು ತಯಾರಿಸಿ ಮಾರಿದೆವು ಎಂದರೆ ಮೈಸೂರಿನಲ್ಲಿರುವ ನನ್ನ ತಂಗಿ ಇವತ್ತಿಗೂ ಪೂರ್ತಿ ನಂಬುವುದಿಲ್ಲ. “ಬಂದೂಕೂ ನೀವೇ ಮಾಡ್ತೀರೇನೇ ಅಕ್ಕ?” ಎಂದು ಕೇಳಿದಳು. ಬಂದೂಕಲ್ಲ ಕಣೇ, ಡಬ್ಬಿ ಎಂದೆ.

ಡಬ್ಬಿಯೇ. ಕನ್ನಡಕದ ಪೆಟ್ಟಿಗೆಗಿಂತ ತುಸು ಉದ್ದನೆಯ, ತೆಳು ಗೋಡೆಯ ಮರದ ಡಬ್ಬಿ. ಮೇಲೆ ಹಿಡಿಯುಳ್ಳ ಮುಚ್ಚಳ, ಒಂದು ತುದಿಯಲ್ಲಿ ಅದನ್ನು ಹಿಡಿದಿಟ್ಟ ಸ್ಕ್ರೂ. ಮುಚ್ಚಳದ ಕೆಳಗೆ ಸೀಮೆಸುಣ್ಣ ಸವರಿ ಡಬ್ಬಿಯ ಅಂಚಿಗೆ ತಾಗಿಸಿ ಎಳೆದರೆ ಹೆಣ್ಣು ಟರ್ಕಿಯ ಕೂಗು ಹೊರಡುತ್ತದೆ. ನಾವಿರುವ ಅಮೆರಿಕದ ಕರೋಲಿನಾದ ಕಾಡುಗಳಲ್ಲಿ ಏಪ್ರಿಲ್ ತಿಂಗಳು ಬೇಟೆಗಾರ ಮರದ ಬುಡದಲ್ಲಿ ಕೂತು ಇದನ್ನು ಎಳೆದರೆ, ಎಲ್ಲೋ ಇದ್ದ ಗಂಡು ಟರ್ಕಿ ಯಾರೋ ತನ್ನನ್ನೇ ಕರೆದರು ಎಂದು ಎದೆ ಉಬ್ಬಿಸಿಕೊಂಡು ಬರುತ್ತದೆ. ಪಾಪ, ಗಂಡು ಜಾತಿ. ಈ ಡಬ್ಬಿಗೆ ಇಲ್ಲಿನವರು ‘ಕಾಲ್’ ಎನ್ನುತ್ತಾರೆ.

ಷಾರ್ಲೆಟ್‌ನ ದೇವಸ್ಥಾನಕ್ಕೆ ಹೋದಾಗ ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಹುಡುಗಿಯರು, “ಅಂಕಲ್ ರಿಟೈರ್ ಆದ್ಮೇಲೆ ಏನ್ ಮಾಡ್ತಿದ್ದಾರೆ ಆಂಟಿ?” ಎಂದು ವಿಚಾರಿಸುತ್ತಿದ್ದರು.

“ಇನ್‌ಸ್ಟ್ರುಮೆಂಟ್ಸ್ ಮಾಡ್ತಾರಮ್ಮ,” ಎನ್ನುತ್ತಿದ್ದೆ.

“ವಾವ್, ವೀಣೆನಾ?”

“ಅದಕ್ಕಿಂತ ಚಿಕ್ಕದು.”

ಇದು ಸುಳ್ಳಲ್ಲ. ಹೇಳದೆ ಉಳಿಸಿಕೊಂಡದ್ದಕ್ಕೂ ಸುಳ್ಳಿಗೂ ಇರುವ ವ್ಯತ್ಯಾಸವನ್ನು ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಹನ್ನೊಂದು ವರ್ಷ ಕೂರಿಸಿ ಕಲಿಸಿದ್ದರು. ಆ ವ್ಯತ್ಯಾಸವನ್ನು ನಾನು ಎಷ್ಟು ಚೆನ್ನಾಗಿ ಬಳಸಿಕೊಂಡೆ ಎಂಬುದೇ ಈಗ ಹೇಳಹೊರಟಿರುವ ವಿಷಯ.

ನಮ್ಮವರು ಕಿವಿ ಮೂಗು ಗಂಟಲಿನ ಡಾಕ್ಟರು. ಷಾರ್ಲೆಟ್‌ನಿಂದ ಒಂದು ಗಂಟೆ ದೂರದ ಸಣ್ಣ ಊರಿನಲ್ಲಿ ಸುಮಾರು ನಲವತ್ತು ವರ್ಷ ಪ್ರ್ಯಾಕ್ಟೀಸ್ ಮಾಡಿದರು. ಅವರ ಪೇಷೆಂಟ್ ಒಬ್ಬ ಮುದುಕ ಈ ಕಾಲ್‌ಗಳನ್ನು ತಯಾರಿಸುತ್ತಿದ್ದ. ಕಿವಿಯ ಆಪರೇಷನ್ ಆಗಿ ಮತ್ತೆ ಹಕ್ಕಿ ಕೂಗುವುದು ಕೇಳಿಸಿದಾಗ, ಆ ಸಂತೋಷಕ್ಕೆ ಇವರನ್ನು ಶನಿವಾರ ಶನಿವಾರ ಶೆಡ್ಡಿಗೆ ಕರೆದು ಕೆಲಸ ಹೇಳಿಕೊಟ್ಟ. ಹೊಲದ ಅಂಚಿಗೂ ಕರೆದುಕೊಂಡು ಹೋಗಿ ನಿಜವಾದ ಹಕ್ಕಿಯ ಕೂಗು ಕೇಳಿಸುತ್ತಿದ್ದನಂತೆ. ಅವನು ಹೋದ ಮೇಲೆ ಅವನ ಹೆಂಡತಿ ಗರಗಸದ ಮೆಷಿನನ್ನೂ ಮರದ ಅಚ್ಚುಗಳನ್ನೂ ಪಿಕ್‌ಅಪ್ ಟ್ರಕ್‌ನಲ್ಲಿ ತಂದು ನಮ್ಮ ಗ್ಯಾರೇಜಿನಲ್ಲಿ ಇಳಿಸಿದಳು. ಅಂದಿನಿಂದ ನನ್ನ ಕಾರು ಹೊರಗೆ ಬಿಸಿಲಿನಲ್ಲಿ.

ಇವರು ಪ್ರ್ಯಾಕ್ಟೀಸ್ ಬಿಟ್ಟ ಹೊಸದು ಅದು. ಬೆಳಗ್ಗೆ ಹತ್ತು ಗಂಟೆಗೂ ಪೈಜಾಮದಲ್ಲೇ ಇರುತ್ತಿದ್ದರು, ದಿನಕ್ಕೆ ನಾಲ್ಕು ಸಲ ಮೇಲ್‌ಬಾಕ್ಸ್ ತೆರೆದು ನೋಡಿ ಬರುತ್ತಿದ್ದರು. ಗರಗಸ ಬಂದ ಮರುದಿನ ಏಳು ಗಂಟೆಗೆ ಸ್ನಾನ ಮುಗಿಸಿ, ಶರ್ಟ್ ಇನ್ ಮಾಡಿಕೊಂಡು ಗ್ಯಾರೇಜಿಗೆ ಇಳಿದರು. ಮರದ ಪುಡಿ ಮನೆಯೆಲ್ಲ ಬಂದರೂ ಸಂತೋಷದಿಂದಲೇ ಗುಡಿಸಿದೆ.

ಕೋವಿಡ್ ಶುರುವಾದ ವರ್ಷ ಷಾರ್ಲೆಟ್‌ನ ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು ಲ್ಯಾಪ್‌ಟಾಪ್ ಸಮೇತ ನಮ್ಮಲ್ಲಿಗೆ ಬಂದು ಕೂತಳು. ಗ್ಯಾರೇಜಿನ ಶೆಲ್ಫ್ ತುಂಬ ಡಬ್ಬಿಗಳನ್ನು ನೋಡಿ, “ಅಪ್ಪಾ, ಪೀಪಲ್ ವಿಲ್ ಬೈ ದಿಸ್,” ಎಂದಳು. ಒಂದು ವಾರದಲ್ಲಿ ವೆಬ್‌ಸೈಟ್ ಆಯಿತು. ಬರೀ ಡಬ್ಬಿ ಸಾಲದು, ‘ಗೇರ್’ ಬೇಕು ಎಂದಳು. ಡಬ್ಬಿ ಇಡಲು ಪೌಚ್, ಕಾಡಿನಲ್ಲಿ ಕೂರಲು ದಿಂಬು, ಹತ್ತು ಜೇಬಿನ ವೆಸ್ಟ್. ಬೇಕಾದವರು ಡಬ್ಬಿಯನ್ನು ಪೌಚ್ ಸಮೇತ ಕೊಳ್ಳಬಹುದು, ಬೇಡದವರು ಬರೀ ಡಬ್ಬಿ. ಹೊಲಿಯುವವಳು ನಾನು. ಚರ್ಚಿನ ಆಲ್ಟರ್ ಮೇಲೆ ಹಾಸುವ ಬಿಳಿ ಬಟ್ಟೆಗೆಂದು ಕಾನ್ವೆಂಟಿನಲ್ಲಿ ಕಲಿತ ಬಟನ್‌ಹೋಲ್ ಸ್ಟಿಚ್ ಕೊನೆಗೆ ಬಂದು ನಿಂತದ್ದು ಎಲೆ ಕಡ್ಡಿ ಚಿತ್ತಾರದ ಬೇಟೆ ಬಟ್ಟೆಯ ಮೇಲೆ. ಆ ಬಟ್ಟೆ ಅಡಗಿಕೊಳ್ಳಲೆಂದೇ ಹುಟ್ಟಿದ್ದು. ಅದರ ಮೇಲಿಟ್ಟ ನನ್ನ ಕತ್ತರಿಯೂ ಅದರ ಬುದ್ಧಿ ಕಲಿತು ಮಾಯವಾಗುತ್ತಿತ್ತು.

ಎರಡನೆಯ ಚಳಿಗಾಲ ಒಂದು ಮಧ್ಯಾಹ್ನ ಪೌಚಿಗೆ ತುಂಬುವ ಮುಂಚೆ ಸುಮ್ಮನೆ ಒಂದು ಡಬ್ಬಿಯನ್ನು ಎಳೆದು ನೋಡಿದೆ. ಕಿವಿ ಚುರುಕ್ ಎಂದಿತು. ಹೆಣ್ಣು ಟರ್ಕಿಯ ಕೂಗಿನಲ್ಲಿ ಮೊದಲು ಒಂದು ಸಣ್ಣ, ತೆಳ್ಳನೆಯ ಸ್ವರ ಬಂದು, ಆಮೇಲೆ ಅದು ಮುರಿದು ಒರಟಾಗುತ್ತದೆ ಎಂದು ಇವರೇ ಹೇಳಿದ್ದು. ಈ ಡಬ್ಬಿಯಲ್ಲಿ ಒರಟು ಚೆನ್ನಾಗಿತ್ತು, ಸಣ್ಣದು ಮಾತ್ರ ಅಪಸ್ವರ. ಇನ್ನೊಂದು ಎಳೆದೆ. ಅದೂ ಹಾಗೇ, ಆದರೆ ಬೇರೆ ಥರದ ಅಪಸ್ವರ.

ನನಗೆ ಅರ್ಥವಾಯಿತು. ಕೆಲವು ತಿಂಗಳಿಂದ ಇವರಿಗೆ ಮೈಕ್ರೋವೇವ್ ಕೂಗಿದ್ದು ಕೇಳಿಸುತ್ತಿರಲಿಲ್ಲ. ಮೈಕ್ರೋವೇವ್ ಕೆಟ್ಟಿದೆ ಎನ್ನುತ್ತಿದ್ದರು. ನಾನು ಮಾತಾಡಿದರೆ, “ನೀನು ಈಚೆಗೆ ತುಂಬ ಗೊಣಗ್ತೀಯ,” ಎನ್ನುತ್ತಿದ್ದರು. ಊರಿನ ಅರ್ಧ ಜನಕ್ಕೆ ಕಿವಿಗೆ ಮೆಷಿನ್ ಹಾಕಿಸಿದ ಮನುಷ್ಯ. ಅವರಿಗೆ ಹೇಳುವವರು ಯಾರು?

ನಾನಂತೂ ಹೇಳಲಿಲ್ಲ. ಅವರು ಮಧ್ಯಾಹ್ನ ಮಲಗಿದಾಗ, ಅವರ ಹಳೆಯ ಬ್ಯಾಗಿನಲ್ಲಿದ್ದ ಟ್ಯೂನಿಂಗ್ ಫೋರ್ಕ್ ಹೊರಗೆ ತೆಗೆದೆ. ಪೇಷೆಂಟ್‌ಗಳ ತಲೆಗೆ ತಾಗಿಸುವ ಕವೆ. ನಮ್ಮ ಮ್ಯೂಸಿಕ್ ಸಿಸ್ಟರ್ ಪಿಯಾನೋ ಮೇಲೆ ಇಟ್ಟುಕೊಂಡಿದ್ದೂ ಅದೇ ಥರದ್ದು. ನಮ್ಮ ಸ್ವರ ಒಂದು ಕೂದಲು ಇಳಿದರೂ “ಫ್ಲಾಟ್, ಚೈಲ್ಡ್, ಫ್ಲಾಟ್,” ಎಂದು ಅವರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದದ್ದು ಈಗಲೂ ಕಾಣುತ್ತದೆ. ಕವೆಯನ್ನು ಊಟದ ಮೇಜಿಗೆ ಬಡಿದೆ. ‘ಸಿ’ ಸ್ವರ. ಪಿಯಾನೋ ಸಿಗಿಂತ ಸ್ವಲ್ಪ ಕೆಳಗೆ, ಆದರೂ ಸಿ. ಉಗುರಿನ ಫೈಲಿನಿಂದ ಡಬ್ಬಿಯ ಅಂಚನ್ನು ಒಂದಿಷ್ಟು ಉಜ್ಜಿ, ಸ್ಕ್ರೂ ಅರ್ಧ ಸುತ್ತು ತಿರುಗಿಸಿ, ಮತ್ತೆ ಉಜ್ಜಿ, ಹೆಣ್ಣು ಟರ್ಕಿಯನ್ನು ಸಿಗೆ ತಂದು ನಿಲ್ಲಿಸಿದೆ. ಎಷ್ಟು ಇಂಪಾಗಿತ್ತು.

ಒಂದು ಮಾತು ಒಪ್ಪಿಕೊಳ್ಳಬೇಕು. ಇದನ್ನು ಬರೀ ಅವರ ಮರ್ಯಾದೆ ಕಾಯುವುದಕ್ಕೆ ಮಾಡಿದೆ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಈ ದೇಶಕ್ಕೆ ಬಂದು ಐವತ್ತು ವರ್ಷದಲ್ಲಿ ನನಗೊಂದು ಪಿಯಾನೋ ಆಗಲಿಲ್ಲ. ಇವತ್ತು ನಾಳೆ ಎಂದುಕೊಂಡೇ ಕಳೆಯಿತು. ಕಿವಿ ಎಂದರೆ ನಮ್ಮ ಮನೆಯಲ್ಲಿ ಅವರ ಇಲಾಖೆ. ನನಗೂ ಒಂದು ಜೊತೆ ಕಿವಿ ಇದೆ, ಅದಕ್ಕೆ ಏನೋ ಬರುತ್ತದೆ ಎಂಬುದು ನನಗೇ ಮರೆತಿತ್ತು. ಆ ಚಳಿಗಾಲವೆಲ್ಲ ಮಧ್ಯಾಹ್ನ ಎರಡಾಗುವುದನ್ನೇ ಕಾಯುತ್ತಿದ್ದೆ.

ಏಪ್ರಿಲ್‌ನಲ್ಲಿ ಬೇಟೆಯ ಸೀಸನ್ ಶುರುವಾಯಿತು, ಡಬ್ಬಿಗಳು ವಾಪಸ್ ಬರತೊಡಗಿದವು. ಜೊತೆಗೆ ಕಾಗದಗಳು. ಈ ಕಡೆಯ ಜನ ಬಯ್ಯುವಾಗಲೂ ಮರ್ಯಾದೆ ಬಿಡುವುದಿಲ್ಲ. ‘ಡಾಕ್, ನಿಮ್ಮ ಹೆಣ್ಣು ಟರ್ಕಿ ತುಂಬ ಚೆನ್ನಾಗಿ ಹಾಡುತ್ತದೆ, ಭಾನುವಾರ ನಮ್ಮ ಚರ್ಚಿನ ಕ್ವೈರ್‌ಗೆ ಸೇರಿಸಬಹುದು, ಕಾಡಿನಲ್ಲಿ ಮಾತ್ರ ಯಾರೂ ತಿರುಗಿ ನೋಡಲಿಲ್ಲ’ ಎಂದು ಒಬ್ಬ ಬರೆದಿದ್ದ. ಇನ್ನೊಬ್ಬನ ಹೆಂಡತಿ ಹೊಲಿಗೆ ಮೆಚ್ಚಿ ಪೌಚ್ ಮಾತ್ರ ಇಟ್ಟುಕೊಂಡಿದ್ದಳು.

ಮಗಳು ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದಳು. ಇವರು ಕಾರು ತೆಗೆದುಕೊಂಡು ತಮ್ಮ ಹಳೆಯ ಕ್ಲಿನಿಕ್ಕಿಗೆ ಹೋಗಿ, ಒಂದು ಕಾಲದ ಜೂನಿಯರ್ ಕೈಯಲ್ಲಿ ಕಿವಿ ಪರೀಕ್ಷೆ ಮಾಡಿಸಿಕೊಂಡು ಬಂದರು. ಗ್ರಾಫ್ ಹಾಳೆಯನ್ನು ಊಟದ ಮೇಜಿನ ಮೇಲೆ ಬಿಡಿಸಿ, ಪೇಷೆಂಟ್‌ಗೆ ವಿವರಿಸುವಂತೆ ಬೆರಳಿಟ್ಟು ತೋರಿಸಿದರು.

“ಇಲ್ಲಿಂದ ಆಚೆಗೆ ಜಾರಿಹೋಗಿದೆ ನೋಡು. ಮೇಲಿನ ಸ್ವರ ಒಂದೂ ಇಲ್ಲ. ಜನಕ್ಕೆ ಮೋಸ ಮಾಡಿದ ಹಾಗಾಯ್ತು.”

“ಮೆಷಿನ್ ಹಾಕ್ಕೊಂಡ್ರೆ ಆಯ್ತಲ್ಲ,” ಎಂದೆ.

“ಮಾತು ಕೇಳೋಕೆ ಹಾಕ್ಕೋತೀನಿ. ಅದನ್ನ ನಂಬಿ ಕಾಲ್ ಟ್ಯೂನ್ ಮಾಡೋಕಾಗಲ್ಲ.”

ಗರಗಸ, ಅಚ್ಚು, ಮರ ಎಲ್ಲವನ್ನೂ ಹೈಸ್ಕೂಲಿನ ಮರಗೆಲಸದ ಕ್ಲಾಸಿಗೆ ಕೊಡುವುದೆಂದು ಫೋನ್ ಮಾಡಿಬಿಟ್ಟರು. ಶನಿವಾರ ಟ್ರಕ್ ಬರುವುದೆಂದು ಗೊತ್ತಾಯಿತು. ಮರುದಿನ ಬೆಳಗ್ಗೆ ಹತ್ತಕ್ಕೆ ನೋಡಿದರೆ ಪೈಜಾಮದಲ್ಲಿದ್ದರು.

ಮಗಳು ಸುಮ್ಮನೆ ಕೂರುವವಳಲ್ಲ. ಬ್ಯಾಂಕಿನಲ್ಲಿ ಅವಳ ಕೆಲಸವೇ ಲೆಕ್ಕ ಎಲ್ಲಿ ತಪ್ಪಿತು ಎಂದು ಹುಡುಕುವುದು. ಗುರುವಾರ ಲ್ಯಾಪ್‌ಟಾಪ್ ಹಿಡಿದು ಅಡಿಗೆಮನೆಗೆ ಬಂದಳು.

“ಅಮ್ಮಾ, ದಿಸ್ ಈಸ್ ಸೋ ವಿಯರ್ಡ್. ಪೌಚ್ ಜೊತೆ ಹೋಗಿದ್ದು ಮಾತ್ರ ರಿಟರ್ನ್ ಬರ್ತಾ ಇದೆ. ಪೌಚ್ ಇಲ್ದೆ ಹೋಗಿದ್ದು ಒಂದೂ ಬಂದಿಲ್ಲ. ಲುಕ್, ದೇ ಲವ್ ಇಟ್. ಒಬ್ರು ‘ಗಂಟಲು ಕಟ್ಟಿದ ಮುದುಕಿ ಥರ ಇದೆ, ಪರ್ಫೆಕ್ಟ್’ ಅಂತ ಬರ್ದಿದ್ದಾರೆ. ನಿನ್ನ ಬಟ್ಟೇಲಿ ಏನೋ ಪ್ರಾಬ್ಲಮ್ ಇದೆ. ಮೇ ಬಿ ಮಾಯ್ಶ್ಚರ್?”

ನಾನು ಹುಳಿಗೆ ಉಪ್ಪು ಹಾಕುತ್ತಿದ್ದವಳು ಎರಡನೆಯ ಸಲವೂ ಹಾಕಿದೆ. ಪೌಚಿನ ಡಬ್ಬಿಗಳು ಮಾತ್ರ ನನ್ನ ಕೈಗೆ ಬರುತ್ತಿದ್ದವು. ಕಿವಿ ಕಳೆದುಕೊಂಡ ಮನುಷ್ಯನ ಡಬ್ಬಿಗಳನ್ನು ಜನ ಮೆಚ್ಚಿದ್ದಾರೆ. ಅವನ್ನು ಕೆಡಿಸಿದವಳು ನಾನು. ಮಾಯ್ಶ್ಚರ್ ಎಂದುಬಿಟ್ಟರೆ ನನ್ನ ತಲೆ ಉಳಿಯುತ್ತಿತ್ತು. ಆದರೆ ಬಟ್ಟೆ ಬದಲಾದ ಮಾತ್ರಕ್ಕೆ ಇವರು ಗ್ಯಾರೇಜಿಗೆ ಹಿಂದಿರುಗುತ್ತಿರಲಿಲ್ಲ. ಮೇಜಿನ ಮೇಲೆ ಆ ಗ್ರಾಫ್ ಇತ್ತು.

ಇವರು ಹಾಲಿನಲ್ಲಿ ಪೇಪರ್ ಹಿಡಿದು ಕೂತಿದ್ದರು. ಹತ್ತಿರ ಹೋಗಿ ಮೆಲ್ಲಗೆ, “ರೀ, ನಿಮ್ಮ ಹತ್ರ ಒಂದು ವಿಷಯ ಹೇಳಬೇಕು,” ಎಂದೆ.

“ಏನು? ಜೋರಾಗಿ ಹೇಳು.”

“ತಪ್ಪು ನಂದು ಅಂದೆ.”

“ಉಪ್ಪಾ?”

ಕಾನ್ವೆಂಟಿನಲ್ಲಿ ಕ್ಯಾಥೊಲಿಕ್ ಹುಡುಗಿಯರು ಪರದೆಯ ಹಿಂದೆ ಪಿಸುಗುಟ್ಟಿ ತಪ್ಪೊಪ್ಪಿಕೊಂಡು ಬರುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಪಾಲಿಗೆ ಬಂದದ್ದು ಕಿರುಚಿ ಒಪ್ಪಿಕೊಳ್ಳುವುದು.

“ನಿಮ್ಮ ಡಬ್ಬಿಗಳನ್ನ ನಾನು ತಿದ್ದಿದೆ. ಉಗುರಿನ ಫೈಲಲ್ಲಿ ಉಜ್ಜಿದೆ. ನೀವು ಮಲಗಿದ್ದಾಗ. ಪೌಚಿಗೆ ಹೋದವೆಲ್ಲ.”

ಅಡಿಗೆಮನೆಯ ಬಾಗಿಲಲ್ಲಿ ಮಗಳು ಬಾಯಿಗೆ ಕೈ ಇಟ್ಟುಕೊಂಡಿದ್ದಳು. ಕೊರಳಲ್ಲಿ ಆಫೀಸಿನ ಹೆಡ್‌ಸೆಟ್. “ಮ್ಯೂಟ್ ಮಾಡಿದೀಯೇನೇ?” ಎಂದು ಕೇಳಿದೆ. “ಐ ಹೋಪ್ ಸೋ,” ಎಂದಳು.

ಇವರು ಪೇಪರ್ ಮಡಿಚಿದರು. “ಟರ್ಕಿ ಕೂಗೋದನ್ನ ಯಾವತ್ತಾದ್ರೂ ಕೇಳಿದೀಯ ನೀನು?”

“ಇಲ್ಲ.”

“ಮತ್ತೆ ಯಾವುದನ್ನ ನೋಡಿ ತಿದ್ದಿದೆ?”

“ಸಿ,” ಎಂದೆ.

ಆ ದಿನ ಎರಡು ಉಪ್ಪಿನ ಹುಳಿಯನ್ನೂ ಹೆಸರಿಡದೆ ಬಡಿಸಿಕೊಂಡು ಉಂಡರು. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಶುಕ್ರವಾರ ಬೆಳಗ್ಗೆ ಆರಕ್ಕೆ ಮುಂಚೆ ಎಬ್ಬಿಸಿ, “ಸ್ವೆಟರ್ ಹಾಕ್ಕೋ,” ಎಂದರು. ಕಾರು ಸೀದಾ ಆ ಹಳೆಯ ಪೇಷೆಂಟ್‌ನ ಹೊಲಕ್ಕೆ ಹೋಯಿತು. ಬೇಲಿಯ ಪಕ್ಕ ಪೈನ್ ಮರದ ಕೆಳಗೆ ನಾನೇ ಹೊಲಿದ ದಿಂಬುಗಳ ಮೇಲೆ ಕೂತೆವು. ಹತ್ತು ನಿಮಿಷ ಕೂತಿದ್ದಕ್ಕೆ ಅದರ ಹೊಲಿಗೆ ಎಲ್ಲಿ ಚುಚ್ಚುತ್ತದೆಂದು ಗೊತ್ತಾಯಿತು. ಅದರ ಬಗ್ಗೆ ಯಾರೂ ಕಾಗದ ಬರೆದಿರಲಿಲ್ಲ, ಸಂಭಾವಿತ ಜನ.

ಆಗ ಹೊಲದ ಆಚೆ ತುದಿಯಿಂದ ಒಂದು ಹೆಣ್ಣು ಟರ್ಕಿ ಹೊರಬಂದು ಬಾಯಿ ತೆರೆಯಿತು.

ಶೀತವಾದ ಹೆಡ್‌ಮಿಸ್ಟ್ರೆಸ್ ಅಸೆಂಬ್ಲಿಯಲ್ಲಿ ಬಯ್ಯುತ್ತಿದ್ದಂತಿತ್ತು. ಮೊದಲು ಸಣ್ಣ ಸ್ವರ ಇತ್ತು, ನಿಜ. ಆದರೆ ಅದಕ್ಕೂ ಸಿಗೂ ಯಾವ ಸಂಬಂಧವೂ ಇರಲಿಲ್ಲ. ಎರಡನೆಯ ಸಲ ಕೂಗಿದಾಗ ಅದು ಬೇರೆ ಕಡೆ ಇತ್ತು, ಮೂರನೆಯ ಸಲ ಇನ್ನೆಲ್ಲೋ. ಈ ಹಕ್ಕಿಯನ್ನು ನಾನು ಒಂದು ಚಳಿಗಾಲವಿಡೀ ತಿದ್ದುತ್ತಾ ಕೂತಿದ್ದೆ.

ಇವರು ಕಿವಿಗೆ ಕೈ ಅಡ್ಡ ಹಿಡಿದು, “ಶುರೂನಲ್ಲಿ ಸಣ್ಣದು ಬಂತಾ?” ಎಂದರು.

“ಬಂತು.”

“ಹೇಗಿತ್ತು?”

“ಫ್ಲಾಟ್.”

“ತುಂಬಾನಾ?”

“ತುಂಬಾ.”

ಅವರ ಭುಜ ಅಲುಗಿತು. ನಗುತ್ತಿದ್ದರು. ಜೇಬಿನಿಂದ ನಾನು ಮುಟ್ಟದ ಒಂದು ಡಬ್ಬಿ ತೆಗೆದು ಎಳೆದರು. ಟರ್ಕಿ ಕತ್ತು ಎತ್ತಿ ನಮ್ಮ ಕಡೆ ನೋಡಿ, ಇದ್ಯಾವಳು ಎನ್ನುವಂತೆ ಮತ್ತೆ ಬಯ್ದಿತು. ನಾನು ಅವರ ಕಿವಿಯ ಹತ್ತಿರ ಹೋಗಿ ಹೇಳಿದೆ: “ಅವಳ ಸ್ವರ ಬೇಗ ಮುರಿಯುತ್ತೆ. ನಿಮ್ಮದು ಸ್ವಲ್ಪ ನಿಧಾನ.”

“ಎಷ್ಟು ನಿಧಾನ?”

“ಕಣ್ಣು ಮಿಟುಕಿಸೋವಷ್ಟು.”

ಅವರು ಡಬ್ಬಿಯ ಅಂಚಿನ ಮೇಲೆ ಹೆಬ್ಬೆರಳಾಡಿಸಿದರು. ಎಲ್ಲಿ ಉಜ್ಜಬೇಕೆಂದು ಅವರಿಗೆ ಗೊತ್ತಿತ್ತು. ಅದು ನನಗೆ ಎಂದೂ ಗೊತ್ತಿರಲಿಲ್ಲ. “ನಾನು ಎಳೀತೀನಿ, ನೀನು ಹೇಳು. ಕೈ ಮಾತ್ರ ಮಡಿಲಲ್ಲಿ ಇಟ್ಕೊಂಡಿರು,” ಎಂದರು. ಸರಿ ಎಂದೆ. ವಾಪಸ್ ಬರುವಾಗ ಕಾರಿನಲ್ಲಿ ನನ್ನ ಪರ್ಸ್ ತೆಗೆಸಿ ಉಗುರಿನ ಫೈಲನ್ನು ವಶಪಡಿಸಿಕೊಂಡರು.

ಮರುದಿನ ಬೆಳಗ್ಗೆ ಸ್ಕೂಲಿನ ಟ್ರಕ್ ಬೀಪ್ ಬೀಪ್ ಎನ್ನುತ್ತಾ ಹಿಂದಕ್ಕೆ ಬಂದು ನಮ್ಮ ಗ್ಯಾರೇಜಿನ ಮುಂದೆ ನಿಂತಿತು. ಇವರು ಇನ್ ಮಾಡಿದ ಶರ್ಟಿನ ಮೇಲೆ ಏಪ್ರನ್ ಕಟ್ಟಿಕೊಂಡು, ಬಾಗಿಲಿಗೆ ಬೆನ್ನು ಮಾಡಿ, ಡಬ್ಬಿಯೊಂದನ್ನು ಉಜ್ಜುತ್ತಿದ್ದರು.

“ರೀ, ಗಾಡಿ ಬಂತು,” ಎಂದೆ.

“ಮೂಲೇಲಿರೋ ಸೀಡರ್ ಮರದ ತುಂಡುಗಳನ್ನ ಕೊಟ್ಟು ಕಳಿಸು. ಗರಗಸ ಕೊಡಲ್ಲ ಅಂತ ಹೇಳು.”

“ನೀವೇ ಫೋನ್ ಮಾಡಿ ಕರೆಸಿದ್ದು, ನೀವೇ ಹೇಳಿ.”

“ಏನು? ನನಗೆ ಕೇಳಿಸಲ್ಲ,” ಎಂದರು, ತಿರುಗಿಯೂ ನೋಡದೆ.

ನಾನೇ ಹೋಗಿ ಹೇಳಿದೆ.