ಬೀಗದಣ್ಣ ಮಾಡಿದ ಪರೀಕ್ಷೆ

ಬೀದಿಯ ಬಾಯಲ್ಲಿ ಅವನು ಬೀಗದಣ್ಣ. ಶಾಲೆಗೆ ಹೋಗುವ ಮಕ್ಕಳಿಗೂ ಬೀಗದಣ್ಣ, ಅವನಿಗಿಂತ ಐದಾರು ವರ್ಷಕ್ಕೆ ದೊಡ್ಡವಳಾದ ಎದುರುಮನೆ ಟೈಲರಮ್ಮನಿಗೂ ಬೀಗದಣ್ಣ. ಅರವತ್ತೇಳು ದಾಟಿದ ಮನುಷ್ಯ. ಮೂಗಿನ ತುದಿಗೆ ಜಾರಿದ ಕನ್ನಡಕ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಹಿತ್ತಾಳೆ ಪುಡಿ. ಅಂಗಡಿಯೋ, ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬ ಬೀದಿಯಲ್ಲೇ ನಿಲ್ಲಬೇಕು, ಅಷ್ಟೇ ಜಾಗ. ಮಾತು ಮಾತ್ರ ಕೋಟೆ ಕಟ್ಟಿದವನ ಹಾಗೆ. ಗಿರಾಕಿ ತಂದ ಬೀಗವನ್ನು ಅಂಗೈಯಲ್ಲಿ ತೂಗಿ ನೋಡಿ, "ಇದನ್ನ ಬಾಗಿಲಿಗೆ ಹಾಕ್ತೀರೋ, ಕಿವಿಗೆ ಹಾಕ್ತೀರೋ?" ಎಂದು ಕೇಳದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ.

ಅವನ ಹೆಂಡತಿ ಮಾತಿನವಳಲ್ಲ, ಕೈಯವಳು. ಮೂವತ್ತೊಂದು ವರ್ಷ ಅವನ ಅಂಗಡಿಯ ಕೀ ಕತ್ತರಿಸುವ ಮೆಷಿನ್ನಿನ ಮುಂದೆ ಕೂತವಳು ಅವಳೇ. ಬೀಗದ ಕೈಗೆ ಹಲ್ಲುಗಳಿರುತ್ತವಲ್ಲ, ಒಂದೊಂದು ಹಲ್ಲಿನ ಆಳಕ್ಕೂ ಒಂದೊಂದು ನಂಬರು. ಐದು ಹಲ್ಲು, ಐದು ನಂಬರು, ಅಷ್ಟು ಗೊತ್ತಿದ್ದರೆ ಮಾದರಿಯೇ ಬೇಡ. ಬೀಗದಣ್ಣ ಬೀಗವನ್ನು ಬಿಚ್ಚಿ ನೋಡಿ, ಕಣ್ಣು ಅದರೊಳಗೇ ನೆಟ್ಟುಕೊಂಡು, "ಮೂರು, ಒಂದು, ನಾಲ್ಕು, ಎರಡು, ಎರಡು" ಎಂದು ಕೂಗುವುದು. ಅವಳು ತುಟಿಯಲ್ಲೇ ಒಮ್ಮೆ ಹೇಳಿಕೊಂಡು ಕತ್ತರಿಸುವುದು. ಒಂದು ಸಲ ಕೇಳಿದ ನಂಬರನ್ನು ಮತ್ತೆ ಕೇಳಿದವಳಲ್ಲ. ಮನೆ ಬಾಗಿಲಿನ ಕೀಯನ್ನಂತೂ ಅವಳು ನಿದ್ದೆಗಣ್ಣಲ್ಲೂ ಕತ್ತರಿಸಬಲ್ಲವಳಾಗಿದ್ದಳು. ಮಗಳು ಶಾಲೆಗೆ ಹೋಗುವಾಗ ಅದನ್ನು ತಿಂಗಳಿಗೊಂದರಂತೆ ಕಳೆಯುತ್ತಿದ್ದಳು. ತಾಯಿ ಗೊಣಗದೆ ಇನ್ನೊಂದು ಮಾಡಿ ಕೊರಳಿಗೆ ಕಟ್ಟುತ್ತಿದ್ದಳು.

ಅಂಥವಳ ತಲೆಯೇ ಮೂರು ವರ್ಷದ ಹಿಂದೆ ಕೈಕೊಟ್ಟಿತು. ಮೊದಲು ಒಲೆಯ ಮೇಲಿಟ್ಟ ಹಾಲು ಮರೆತಳು. ಆಮೇಲೆ ತಂಗಿ ಸತ್ತದ್ದು ಮರೆತಳು, ಪ್ರತಿ ಸಲ ಹೇಳಿದಾಗಲೂ ಹೊಸದಾಗಿ ಅತ್ತಳು. ಮಗಳನ್ನು ಒಂದು ದಿನ "ನೀವು ಯಾರ ಪೈಕಿ?" ಎಂದು ಕೇಳಿದಳು. ಬೀಗದಣ್ಣ ಅವಳನ್ನು ದಿನಾ ಅಂಗಡಿಗೇ ಕರೆದುಕೊಂಡು ಹೋಗಿ ಪಕ್ಕದಲ್ಲೇ ಕೂರಿಸಿಕೊಂಡ. ಮೆಷಿನ್ನಿನ ತಿರುಗುವ ಚಕ್ರಕ್ಕೆ ಅವಳು ಬರಿಗೈ ಒಡ್ಡಿದ ದಿನ ಅದೂ ನಿಂತಿತು. ಮನೆಯಲ್ಲಿ ಬಿಟ್ಟರೆ ಎದ್ದು ಹೊರಡುತ್ತಾಳೆ. ಎಲ್ಲಿಗೆ ಎಂದರೆ "ಅಂಗಡಿ ತೆಗೀಬೇಕು" ಎನ್ನುತ್ತಾಳೆ. ಬೀದಿಯ ಕೊನೆಯಲ್ಲಿ ಹೆದ್ದಾರಿಯಂಥ ರಸ್ತೆ, ಲಾರಿಗಳು. ಎರಡು ಸಲ ಟೈಲರಮ್ಮ ಹೊಲಿಗೆ ಮೆಷಿನ್ನು ಬಿಟ್ಟು ಓಡಿಹೋಗಿ ಹಿಡಿದು ತಂದಳು. ಮೂರನೆಯ ಸಲ ಯಾರು ನೋಡುತ್ತಾರೆ?

ಮಗಳು ಬಸ್ ಡಿಪೋದಲ್ಲಿ ಬಸ್ಸುಗಳು ಬಂದುಹೋಗುವ ಸಮಯ ಬರೆಯುವ ಕೆಲಸದವಳು, ಬೆಳಿಗ್ಗೆ ಆರಕ್ಕೆ ಹೋದರೆ ಮೂರಕ್ಕೆ ಬರುವವಳು. ಅವಳು ನೇರವಾಗಿ ಹೇಳಿದಳು: "ಅಪ್ಪಾ, ನೀನು ಹೋಗುವಾಗ ಹೊರಗಿಂದ ಬೀಗ ಹಾಕಿಕೊಂಡು ಹೋಗು. ಒಂದಕ್ಕೆ ಬರ್ತೀಯ, ನಾಲ್ಕು ಗಂಟೆ ಹೊತ್ತು ತಾನೆ."

ಬೀಗದಣ್ಣ ತಟ್ಟೆ ಸರಿಸಿ ಎದ್ದುಬಿಟ್ಟ. ಅವನಿಗೆ ಒಂದು ಬಾಗಿಲಿನ ನೆನಪಿತ್ತು. ಹದಿನೈದು ವರ್ಷದ ಹಿಂದೆ ಪೊಲೀಸರು ಕರೆದರೆಂದು ಹೋಗಿ ತೆರೆದ ಬಾಗಿಲು. ಒಳಗೆ ಒಬ್ಬ ಮುದುಕ ಸತ್ತು ಬಿದ್ದಿದ್ದ. ಮನೆಯವರು ಹೊರಗಿಂದ ಬೀಗ ಹಾಕಿ ಎಲ್ಲಿಗೋ ಹೋಗಿದ್ದರು, ದಾರಿಯಲ್ಲಿ ಅಪಘಾತವಾಗಿ ಬರುವುದು ನಾಲ್ಕು ದಿನ ತಡವಾಗಿತ್ತು. ಬಾಗಿಲಿನ ಒಳಮೈಯಲ್ಲಿ, ಬೀಗದ ಸುತ್ತ, ಬಣ್ಣ ಪೂರಾ ಕೆರೆದುಹೋಗಿತ್ತು.

"ಪ್ರಪಂಚದಲ್ಲಿ ಯಾರ ಬಾಗಿಲಿಗೆ ಬೇಕಾದರೂ ಹಾಕ್ತೀನಿ. ನಿಮ್ಮಮ್ಮನ ಮೇಲೆ ನನ್ನ ಕೈಯಾರೆ ಬೀಗ ಹಾಕಲ್ಲ. ಈ ಮಾತು ಇಲ್ಲಿಗೇ ಬಿಟ್ಟುಬಿಡು," ಎಂದ.

ಬಿಟ್ಟುಬಿಟ್ಟರೆ ಮುಗಿಯಿತೇ? ಮಗಳು ಒಂದು ವಾರದಲ್ಲಿ ಡಬ್ಬಿಯೊಂದನ್ನು ತರಿಸಿದಳು. ಮನೆಯ ಕಾವಲಿಗೆ ನಾವೇ ಜೋಡಿಸಿಕೊಳ್ಳಬಹುದಾದ ಸ್ಮಾರ್ಟ್ ಯಂತ್ರವಂತೆ. ಬಾಗಿಲಿಗೆ ಅಂಟಿಸುವ ಸೆನ್ಸರು, ಗೋಡೆಯಲ್ಲಿ ಕೂತು ಓಡಾಟ ಗಮನಿಸುವ ಕಣ್ಣು, ಮೊಟ್ಟೆಯಷ್ಟು ದೊಡ್ಡ ಕ್ಯಾಮೆರಾ, ನಂಬರು ಒತ್ತುವ ಪಟ್ಟಿ, ಕಿವಿ ಹರಿಯುವ ಸೈರನ್ನು. ಬಾಗಿಲು ತೆರೆದರೆ ನಂಬರು ಪಟ್ಟಿ ಕೀಂಯ್ ಕೀಂಯ್ ಎನ್ನುತ್ತದೆ. ಮೂವತ್ತು ಸೆಕೆಂಡಿನಲ್ಲಿ ಸರಿಯಾದ ನಂಬರು ಒತ್ತಿದರೆ ಮನೆಯವರು ಎಂದುಕೊಂಡು ಸುಮ್ಮನಾಗುತ್ತದೆ. ಒತ್ತದಿದ್ದರೆ ಸೈರನ್ನು ಕೂಗಿ, ಬೀಗದಣ್ಣನ ಫೋನನ್ನೂ ಟೈಲರಮ್ಮನ ಫೋನನ್ನೂ ಬಡಿದೆಬ್ಬಿಸುತ್ತದೆ. ಮೂವತ್ತು ದಿನದಲ್ಲಿ ಹಿಡಿಸದಿದ್ದರೆ ವಾಪಸ್ ಕಳಿಸಬಹುದು.

"ಪ್ಲಾಸ್ಟಿಕ್ಕು," ಎಂದು ಮೂಗು ಮುರಿದ ಬೀಗದಣ್ಣ. ಆದರೂ ಆಸೆ ಯಾರನ್ನು ಬಿಟ್ಟೀತು? ಬೀಗವೂ ಇಲ್ಲದೆ, ಅವಳು ಹೊಸ್ತಿಲು ದಾಟಿದ ಕೂಡಲೇ ತನಗೆ ತಿಳಿಯುತ್ತದೆ ಎಂದರೆ ಅದಕ್ಕಿಂತ ಇನ್ನೇನು ಬೇಕು. "ನಾನು ಪರೀಕ್ಷೆ ಮಾಡದೆ ಒಪ್ಪೋನಲ್ಲ," ಎಂದು ಟೊಂಕ ಕಟ್ಟಿ ನಿಂತ.

ಆ ಪರೀಕ್ಷೆಯನ್ನು ಬೀದಿಯ ಜನ ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ತನ್ನ ಮನೆಗೆ ತಾನೇ ಕಳ್ಳನಾಗಿ, ಮಟಮಟ ಮಧ್ಯಾಹ್ನ ಹಿತ್ತಿಲ ಗೋಡೆ ಹತ್ತಿದ. ಅಂಗಿ ಮೊಳೆಗೆ ಸಿಕ್ಕಿ ನೇತಾಡಿದ. ಬಾಗಿಲಿನ ಸೆನ್ಸರನ್ನು ಅಯಸ್ಕಾಂತ ಹಿಡಿದು ಏಮಾರಿಸಲು ನೋಡಿದ, ಅದು ಏಮಾರಲಿಲ್ಲ. ಮೇನ್ ಸ್ವಿಚ್ ತೆಗೆದ. ಒಳಗಿನ ಬ್ಯಾಟರಿ ಕೈಹಿಡಿಯಿತು. ಇಂಟರ್ನೆಟ್ ಕಿತ್ತ, ಸೈರನ್ನು ತನ್ನ ಪಾಡಿಗೆ ಕೂಗಿತು. ಕಂಬಳಿ ಹೊದ್ದು ತೆವಳಿಕೊಂಡು ನಡುಮನೆಗೆ ಬಂದಾಗ ಗೋಡೆಯ ಕಣ್ಣು ಮೂರರಲ್ಲಿ ಒಂದು ಸಲ ಮೋಸಹೋಯಿತು, ಅದನ್ನು ಕೆಳಗಿಳಿಸಿ ಹಾಕಿದ. "ಏನಣ್ಣಾ, ಈ ವಯಸ್ಸಿನಲ್ಲಿ ಹೊಸ ಕಸುಬು ಕಲೀತಿದ್ದೀಯಾ?" ಎಂದು ಟೈಲರಮ್ಮ ಕಿಟಕಿಯಿಂದ ಕೇಳಿದಳು. ಹೆಂಡತಿ ನಡುಮನೆಯ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಅವಳು ನಕ್ಕು ಎಷ್ಟೋ ತಿಂಗಳಾಗಿತ್ತು. ಕಂಬಳಿಯ ದಿನ ನಕ್ಕಳು.

ಇಪ್ಪತ್ತು ಬಗೆಯ ಪರೀಕ್ಷೆ ಮಾಡಿದ ಪುಣ್ಯಾತ್ಮ ಇಪ್ಪತ್ತು ಸಲವೂ ಹೊರಗಿನಿಂದಲೇ ಮಾಡಿದ. ಜೀವಮಾನವೆಲ್ಲ ಹೊರಗಿನವನು ಒಳಗೆ ಬರದಂತೆ ನೋಡಿಕೊಂಡವನು ಅವನು. ಒಳಗೆ ಕೂತವಳು ಹೇಗೆ ಯೋಚಿಸಿಯಾಳು ಎಂದು ಆ ಕುರ್ಚಿಯಲ್ಲಿ ಐದು ನಿಮಿಷ ಕೂತು ನೋಡಲಿಲ್ಲ.

ನಂಬರಿನ ವಿಷಯದಲ್ಲೂ ಅಷ್ಟೆ. ಹುಟ್ಟಿದ ವರ್ಷ ಇಡಬೇಡ, ಯಾರಾದರೂ ಊಹಿಸುತ್ತಾರೆ ಎಂದು ಮಗಳು ಎಚ್ಚರಿಸಿದ್ದಳು. "ನಾನೇನು ನಿನ್ನೆ ಹುಟ್ಟಿದವನಾ?" ಎಂದು ಅವನು ಮನೆ ಬಾಗಿಲಿನ ಕೀಯ ಐದು ನಂಬರುಗಳನ್ನೇ ಇಟ್ಟ. ನಾಲ್ಕು, ಎರಡು, ಐದು, ಐದು, ಒಂದು. ಯಾವ ಕಳ್ಳನಿಗೂ ಹೊಳೆಯದ ನಂಬರು. ಇಟ್ಟದ್ದಲ್ಲದೆ, ಪ್ರತಿ ಪರೀಕ್ಷೆಯ ಕೊನೆಗೂ ಪಟ್ಟಿಯ ಮುಂದೆ ನಿಂತು, ಅಂಗಡಿಯ ಅಭ್ಯಾಸ ನೋಡಿ, ಗಟ್ಟಿಯಾಗಿ ಕೂಗಿಕೊಂಡೇ ಒತ್ತಿದ. ಹನ್ನೆರಡು ದಿನ. ಅವನು ಕೂಗುವುದು, ಕುರ್ಚಿಯಲ್ಲಿ ಅವಳ ತುಟಿ ಅಲ್ಲಾಡುವುದು. ತುಟಿ ಅಲ್ಲಾಡಿದ್ದನ್ನು ಅವನು ನೋಡಿದ್ದ. ಗುನುಗುತ್ತಿದ್ದಾಳೆ, ಇವತ್ತು ಮನಸ್ಸು ಹಗುರವಾಗಿದೆ ಎಂದು ಸಂತೋಷಪಟ್ಟುಕೊಂಡಿದ್ದ.

ಹದಿಮೂರನೆಯ ದಿನದಿಂದ, ಅವಳು ಒಳಗೆ ಓಡಾಡಲೆಂದು ಗೋಡೆಯ ಕಣ್ಣನ್ನು ಆರಿಸಿ, ಬಾಗಿಲಿನ ಕಾವಲಷ್ಟೇ ಇಟ್ಟು ಅಂಗಡಿಗೆ ಹೊರಟ. ಮನೆಯವರು ನಂಬರು ಒತ್ತಿದಾಗಲೂ ಫೋನಿಗೆ ತಿಳಿಸಬೇಕೇ ಎಂದು ಯಂತ್ರ ಕೇಳಿತ್ತು. ಒತ್ತುವವರು ನಾನು, ನನ್ನ ಮಗಳು, ಇನ್ನಾರು ಎಂದು ಬೇಡವೆಂದಿದ್ದ. ಹತ್ತು ದಿನ ಚೆನ್ನಾಗಿಯೇ ನಡೆಯಿತು. ಎರಡು ಸಲ ಅವಳು ಬಾಗಿಲು ತೆರೆದಳು, ಪಟ್ಟಿ ಕೀಂಯ್ ಎಂದಿತು, ಸೈರನ್ನು ಕೂಗಿತು, ಟೈಲರಮ್ಮ ಬಂದು ಕೈಹಿಡಿದು ಒಳಗೆ ಕೂರಿಸಿದಳು. ಬೀಗದಣ್ಣ ಗಿರಾಕಿಗಳಿಗೆಲ್ಲ ಫೋನು ತೋರಿಸಿ, "ಪ್ಲಾಸ್ಟಿಕ್ಕು ಅಂತ ಬೈತಿದ್ದೆ ಕಣ್ರೀ, ಬಂಗಾರ ಇದು," ಎಂದ.

ಇಪ್ಪತ್ತಮೂರನೆಯ ದಿನ ಫೋನು ಸುಮ್ಮನಿತ್ತು. ಅವನು ಒಬ್ಬ ವಕೀಲರ ಕಬ್ಬಿಣದ ಪೆಟ್ಟಿಗೆ ಬಿಚ್ಚುತ್ತ ಕೂತಿದ್ದ. ನಡುನಡುವೆ ಫೋನು ನೋಡಿ, ಸದ್ದಿಲ್ಲ ಅಂದರೆ ಅವಳು ಕೂತಿದ್ದಾಳೆ ಎಂದುಕೊಂಡ. ಒಂದು ಗಂಟೆಗೆ ಮನೆಗೆ ಬಂದರೆ ಬಾಗಿಲು ಹಾರು ಹೊಡೆದಿತ್ತು. ಚಪ್ಪಲಿ ಅಲ್ಲೇ ಇತ್ತು.

ಯಂತ್ರ ಕೆಟ್ಟಿದೆ ಎಂದೇ ಅವನು ತಿಳಿದದ್ದು. ಬಾಯಿಗೆ ಬಂದಂತೆ ಅದನ್ನು ಶಪಿಸುತ್ತ ಫೋನಿನಲ್ಲಿ ಕ್ಯಾಮೆರಾ ಹಿಡಿದದ್ದನ್ನು ತೆರೆದ. ಹನ್ನೊಂದು ಗಂಟೆ ಹತ್ತು ನಿಮಿಷ. ಅವಳು ತಲೆ ಬಾಚಿಕೊಂಡು, ಕೈಚೀಲ ಹಿಡಿದು ಬಂದಳು. ಬಾಗಿಲು ತೆರೆದಳು. ಪಟ್ಟಿ ಕೂಗಿತು. ಅವಳು ತಿರುಗಿ ನಿಂತು, ತುಟಿಯಲ್ಲೇ ಒಮ್ಮೆ ಹೇಳಿಕೊಂಡು, ಐದು ನಂಬರು ಒತ್ತಿದಳು. ಒಂದೂ ತಪ್ಪಲಿಲ್ಲ. ಸರಿಯಾಯಿತು ಎಂಬಂತೆ ತಲೆಯಾಡಿಸಿ ಹೊರಗೆ ಹೋದಳು. ಹೆತ್ತ ಮಗಳ ಗುರುತು ಹಿಡಿಯದವಳು ಆ ಕೀಯನ್ನು ಮರೆತಿರಲಿಲ್ಲ. ಬೀಗದಣ್ಣ ಬೆಪ್ಪಾಗಿ ಅದನ್ನೇ ಮತ್ತೆ ನೋಡಿದ. ಕೆಟ್ಟದ್ದು ಯಂತ್ರವಲ್ಲ, ತನ್ನ ಬುದ್ಧಿ ಎಂದು ತಿಳಿದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅವಳು ಸಿಕ್ಕಿದ್ದು ನಾಲ್ಕೂವರೆಗೆ. ಇಪ್ಪತ್ತು ವರ್ಷದ ಹಿಂದೆ ಅವರ ಅಂಗಡಿಯಿದ್ದ ಜಾಗದಲ್ಲಿ, ದೊಡ್ಡ ರಸ್ತೆಯ ಆಚೆಗೆ. ಅಲ್ಲೀಗ ಔಷಧಿ ಅಂಗಡಿ. ಅದರ ಮೆಟ್ಟಿಲ ಮೇಲೆ ಕೂತಿದ್ದಳು. ಯಾವುದೋ ಬೈಕು ತಗುಲಿ ಬಲಗೈ ಮಣಿಕಟ್ಟು ಮುರಿದಿತ್ತು, ಡಾಂಬರಿಗೆ ಅಂಗಾಲು ಬೊಬ್ಬೆಯೆದ್ದಿತ್ತು. ಔಷಧಿ ಅಂಗಡಿಯವನು ನೀರು ಕೊಟ್ಟಿದ್ದ. ಬೀಗದಣ್ಣನನ್ನು ಕಂಡು, "ಎಷ್ಟು ಹೊತ್ತು ರೀ? ಗಿರಾಕಿಗಳು ಕಾದು ಕಾದು ಹೋದ್ರು," ಎಂದಳು. ಅವನು ರಸ್ತೆಯೆಂಬುದನ್ನೂ ಮರೆತು ಅವಳ ಕಾಲ ಬಳಿ ಕೂತು ಅತ್ತ.

ನಂಬರು ಬದಲಾಯಿಸಿದ, ಬದಲಾಯಿಸದೆ ಏನು. ಅದು ಇನ್ನೂ ಕೆಟ್ಟದ್ದಾಯಿತು. ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಬಂದವಳು ಎಡಗೈಯಲ್ಲಿ ಹಳೆಯ ನಂಬರನ್ನೇ ಒತ್ತುತ್ತಾಳೆ, ಯಂತ್ರ ಒಪ್ಪುವುದಿಲ್ಲ, ಮತ್ತೆ ಒತ್ತುತ್ತಾಳೆ. "ಸರಿಯಾಗೇ ಕತ್ತರಿಸಿದೀನಲ್ಲ," ಎಂದು ಗಾಬರಿಯಾಗುತ್ತಾಳೆ. ಆಗ ತಲೆಯ ಮೇಲೆ ಸೈರನ್ನು. ಒಂದು ದಿನ ಟೈಲರಮ್ಮ ಬರುವಷ್ಟರಲ್ಲಿ ಅವಳು ಬಾಗಿಲ ಮೂಲೆಯಲ್ಲಿ ಕಿವಿ ಮುಚ್ಚಿ ಮುದುಡಿ ಕೂತಿದ್ದಳು, ಬಟ್ಟೆ ಒದ್ದೆಯಾಗಿತ್ತು.

"ಅಪ್ಪಾ," ಎಂದಳು ಮಗಳು. ಈ ಸಲ ಅವಳ ದನಿಯಲ್ಲಿ ಜಗಳವಿರಲಿಲ್ಲ. "ಇಂಥವರನ್ನ ನೋಡಿಕೊಳ್ಳೋ ಕಡೆ ಹೋಗಿ ವಿಚಾರಿಸಿ ಬಂದೆ. ಅಲ್ಲಿ ಮಂಚಕ್ಕೆ ಕಟ್ಟಿ ಹಾಕ್ತಾರೆ, ನಾನೇ ಕಣ್ಣಾರೆ ನೋಡಿದೆ. ನಾನು ಕೆಲಸ ಬಿಟ್ಟರೆ ಮೂರು ಜನಕ್ಕೂ ಊಟ ಇಲ್ಲ. ನೀನೇ ಹೇಳು, ಏನು ಮಾಡೋಣ."

ಇಪ್ಪತ್ತೊಂಬತ್ತನೆಯ ದಿನ ಬೀಗದಣ್ಣ ಯಂತ್ರವನ್ನು ಬಿಚ್ಚಿ ಡಬ್ಬಿಗೆ ತುಂಬಿದ. ಹಿಂತಿರುಗಿಸುವುದಕ್ಕೆ ಕಾರಣವೇನೆಂದು ಕಂಪನಿಯವರು ಫೋನಿಗೆ ಮೆಸೇಜು ಕಳಿಸಿ ಕೇಳಿದ್ದರು. ಒಂದೊಂದೇ ಅಕ್ಷರ ಹುಡುಕಿ ಒತ್ತಿದ: ಕಳ್ಳರಿಗೆ ಚೆನ್ನಾಗಿದೆ. ನಮ್ಮ ಮನೆಯಲ್ಲಿ ಕಳ್ಳರಿಲ್ಲ.

ಮರುದಿನ ಬೆಳಿಗ್ಗೆ ಮಗಳು ಕೆಲಸಕ್ಕೆ ಹೋದ ಮೇಲೆ ಅಂಗಡಿಯಿಂದ ಒಂದು ಬೀಗ ತಂದು ಬಾಗಿಲಿಗೆ ಜೋಡಿಸಲು ಕೂತ. ಹೊರಗಿನಿಂದ ಮಾತ್ರ ತೆರೆಯುವಂಥದ್ದು. ಡ್ರಿಲ್ಲಿನ ಸದ್ದಿಗೆ ಹೆಂಡತಿ ಎದ್ದು ಬಂದಳು. ಕೆಲಸ ಕಂಡು ಅವಳ ಮುಖವೇ ಬೇರೆಯಾಯಿತು. ನೆಲದ ಮೇಲಿದ್ದ ಸ್ಕ್ರೂ ಡಬ್ಬಿಯನ್ನು ಎಡಗೈಯಲ್ಲಿ ಎತ್ತಿಕೊಂಡು ಪಕ್ಕದಲ್ಲಿ ನಿಂತಳು.

"ಯಾರ ಮನೆಗೆ ರೀ ಇದು?"

"ಒಬ್ಬ ಗಿರಾಕಿಗೆ."

ಅವಳು ಬಗ್ಗಿ ಬಾಗಿಲಿನ ಒಳಮೈ ನೋಡಿದಳು. "ಒಳಗಡೆ ಹಿಡಿನೇ ಇಲ್ವಲ್ಲ. ಒಳಗಿರೋರು ಹೇಗೆ ಬರಬೇಕು?"

"ಅವನಿಗೆ ಹೀಗೇ ಬೇಕಂತೆ."

"ಎಂಥ ಮನುಷ್ಯನೋ." ಡಬ್ಬಿಯನ್ನು ಪ್ಲಾಸ್ಟರಿನ ಕೈಗೆ ಒರಗಿಸಿಕೊಂಡಳು. "ನೀವು ಒಪ್ಕೋಬಾರದಿತ್ತು. ಇಂಥ ಕೆಲಸ ನಾವು ಮಾಡಲ್ಲ ಅಂತ ಹೇಳಿ ಕಳಿಸಬೇಕಿತ್ತು."

ಬೀಗದಣ್ಣ ಹಾಕುತ್ತಿದ್ದ ಸ್ಕ್ರೂ ಕೈಜಾರಿ ಕೆಳಗೆ ಬಿತ್ತು. ಅವಳು ಅದನ್ನು ಹುಡುಕಲಿಲ್ಲ. ಡಬ್ಬಿಯಿಂದ ಇನ್ನೊಂದನ್ನು ಆರಿಸಿ ಅವನ ಅಂಗೈಯಲ್ಲಿಟ್ಟಳು. "ಉದ್ದದ್ದು ಹಾಕಿ. ಅದು ಗಿಡ್ಡ ಆಯ್ತು, ಒಳಗಿಂದ ನಾಲ್ಕು ಸಲ ಎಳೆದರೆ ಕಿತ್ಕೊಂಡು ಬರತ್ತೆ. ಹಾಕೋದಾದರೆ ಗಟ್ಟಿಯಾಗಿ ಹಾಕಬೇಕು."

ಅವನು ಉದ್ದದ್ದೇ ಹಾಕಿದ. ನಾಲ್ಕೂ ಹಾಕಿದ. ಹೊರಗೆ ಬಂದು ಬಾಗಿಲೆಳೆದು ಕೀ ತಿರುಗಿಸಿದ. ಒಳಗಿನಿಂದ ಅವಳು ಬಾಗಿಲಿನ ಅಂಚಿಗೆ ಬೆರಳು ಸಿಕ್ಕಿಸಿ ಒಂದು ಸಲ ಎಳೆದಳು, ಭುಜ ಕೊಟ್ಟು ಒಂದು ಸಲ ತಳ್ಳಿದಳು.

"ಸರಿಯಾಗಿದೆ ರೀ," ಎಂದು ಒಳಗಿನಿಂದ ಕೂಗಿದಳು. "ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಇನ್ನು ತೆಗೀರಿ."

ಅವನು ಕೀ ಹಿಡಿದುಕೊಂಡು ನಿಂತಿದ್ದ. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡು ಮೂರು ಮೆಟ್ಟಿಲಿಳಿದು ಅಂಗಡಿಯ ಕಡೆಗೆ ನಡೆದ. ಬೀದಿಯ ತಿರುವು ಬರುವ ತನಕ "ರೀ, ತೆಗೀರಿ" ಎನ್ನುವುದು ಅವನಿಗೆ ಕೇಳಿಸುತ್ತಿತ್ತು.