ಅನ್ನಪೂರ್ಣಮ್ಮ ಸೀಲು ಹೊಡೆದ ಆಟ

ಲೈಬ್ರರಿಯೊಳಗೆ ಬಂದ ಯಾವ ವಸ್ತುವೂ ಅನ್ನಪೂರ್ಣಮ್ಮನವರ ಸೀಲಿನಿಂದ ತಪ್ಪಿಸಿಕೊಂಡದ್ದಿಲ್ಲ. ಪುಸ್ತಕದ ಮೊದಲ ಪುಟಕ್ಕೊಂದು, ಹದಿನೇಳನೆಯ ಪುಟಕ್ಕೊಂದು, ಕೊನೆಗೊಂದು. ಕುರ್ಚಿಯ ಬೆನ್ನಿಗೂ ಒಂದು. ಬಾಳೆಹೊನ್ನೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಆ ಹಳ್ಳಿಯ ಗ್ರಂಥಾಲಯವನ್ನು ಇಪ್ಪತ್ತು ವರ್ಷದಿಂದ ನೋಡಿಕೊಂಡು ಬಂದವರು ಅವರೊಬ್ಬರೇ.

2006ರಲ್ಲಿ ಅಲ್ಲಿಗೊಂದು ಕಂಪ್ಯೂಟರ್ ಬಂತು. ಕೊಪ್ಪದಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದ ಅವರ ತಂಗಿಯ ಮಗಳು ಮೇಘನ, ಊರು ಕಟ್ಟುವ ಆಟವೊಂದರ ಸಿ.ಡಿ. ತಂದುಕೊಟ್ಟಳು. ಅನ್ನಪೂರ್ಣಮ್ಮ ಅಭ್ಯಾಸಬಲದಿಂದ ಸೀಲು ತೆಗೆದರು. ಹೊಳೆಯುವ ಬದಿಯಲ್ಲಿ ಜಾಗ ಧಾರಾಳವಾಗಿತ್ತು; ಮೂರು ಕಡೆ ಒತ್ತಿದರು. ಸಿ.ಡಿ. ಅಲ್ಲಿಗೆ ಶಿವನ ಪಾದ ಸೇರಿತು.

"ಎಂತ ದೊಡ್ಡಮ್ಮ, ಅದರ ಮುಖಕ್ಕೇ ಬಡಿದಿದ್ದೀರಲ್ಲ!" ಎಂದು ಮೇಘನ ಹಣೆ ಚಚ್ಚಿಕೊಂಡಳು.

ಅವಳು ತಂದ ಎರಡನೆಯ ಸಿ.ಡಿ.ಗೆ ಸೀಲು ಡಬ್ಬಿಯ ಮೇಲೆ ಬಿತ್ತು. ಪುಸ್ತಕಗಳ ರಿಜಿಸ್ಟರಿನಲ್ಲಿ ಅದಕ್ಕೂ ನಂಬರು ಸಿಕ್ಕಿತು. ಜೊತೆಗೊಂದು ಕಾನೂನೂ ಹುಟ್ಟಿತು: ಒಂದು ಪುಸ್ತಕ ಓದಿ ಅದರಲ್ಲಿ ಏನಿದೆಯೆಂದು ಮೇಜಿನ ಮುಂದೆ ನಿಂತು ಹೇಳಿದವರಿಗೆ ಅರ್ಧ ಗಂಟೆ ಆಟ. ದಿನಕ್ಕೆ ಆರು ಜನ ಬಂದರೆ ಹೆಚ್ಚು ಎನ್ನುವಂತಿದ್ದ ಜಾಗಕ್ಕೆ ನಲವತ್ತು ಜನ, ಹೆಚ್ಚಿನವರು ಮಕ್ಕಳೇ, ಬರತೊಡಗಿದರು. ಇಲಿಗಳಷ್ಟೇ ಬಿಡಿಸಿ ನೋಡಿದ್ದ ಪುಸ್ತಕಗಳು ಮನೆಮನೆಗೆ ಹೋಗಿ ಬಂದವು. ಅನ್ನಪೂರ್ಣಮ್ಮನವರಿಗೆ ಹಿಡಿಸಲಾರದಷ್ಟು ಸಂತೋಷ.

ಆ ಸಂತೋಷಕ್ಕೆ ಕಲ್ಲು ಹಾಕಿದವರು ವಾಸಪ್ಪ. ಮೂವತ್ತು ವರ್ಷ ಊರಿಗೆ ನಲ್ಲಿ ನೀರು ಬಿಟ್ಟು ನಿವೃತ್ತರಾದವರು. ಈಗ ಲೈಬ್ರರಿಯಲ್ಲಿ ಕೂತು ಪೇಪರನ್ನು ಜಾಹೀರಾತು ಸಮೇತ ಓದುವುದೇ ಅವರ ಉದ್ಯೋಗ. ಗ್ರಂಥಾಲಯ ಆಟದ ಬಯಲಾಗಿದೆ ಎಂದು ಮೇಲಿನವರಿಗೆ ಅರ್ಜಿ ಬರೆದೇಬಿಟ್ಟರು.

ಎರಡು ತಿಂಗಳ ನಂತರ ಅಧಿಕಾರಿ ಪ್ರಸನ್ನಕುಮಾರ್ ಜೀಪಿನಲ್ಲಿ ಬಂದಿಳಿದರು. ದೂರು ನಿಜವಾದರೆ ಕಂಪ್ಯೂಟರನ್ನು ಜೀಪಿಗೇರಿಸಿಕೊಂಡು ಹೋಗುವುದೆಂದು ಬಾಗಿಲಲ್ಲೇ ಹೇಳಿದರು. ಅನ್ನಪೂರ್ಣಮ್ಮ ಒಳಗಿನ ಮಕ್ಕಳತ್ತ ನೋಡಿದರು. ಕಂಪ್ಯೂಟರ್ ಹೋದರೆ ಈ ಮಕ್ಕಳೂ ಹೋದಂತೆಯೇ.

ಒಳಗೆ ಕಿವಿಗಡಚಿಕ್ಕುವಷ್ಟು ಗದ್ದಲ. ಐದನೇ ಕ್ಲಾಸಿನ ಶಿಲ್ಪಶ್ರೀ ಕಂಪ್ಯೂಟರ್ ಮುಂದೆ ಕೂತು ಕೂಗುತ್ತಿದ್ದಳು: "ವಾಸಪ್ಪಜ್ಜ, ನನ್ನ ಊರಿಗೆ ನೀರೇ ಬರ್ತಿಲ್ಲ! ಜನ ಎಲ್ಲ ಮನೆ ಖಾಲಿ ಮಾಡ್ತಿದಾರೆ!"

ಪೇಪರು ಪಟಪಟನೆ ಮಡಚಿಕೊಂಡಿತು. "ಟ್ಯಾಂಕನ್ನ ತಗ್ಗಿನಲ್ಲಿ ಕಟ್ಟಿದ್ರೆ ನೀರು ಗುಡ್ಡ ಹತ್ತುತ್ತದಾ ಮಾರಾಯ್ತಿ? ಮೇಲೆ ಕಟ್ಟು. ಪೈಪು ಆ ಕಡೆಯಿಂದ ತಾ. ನಿನ್ನೆಯೂ ಹೇಳಿದ್ದೆ!"

ಅಧಿಕಾರಿ ಕೈಯಲ್ಲಿದ್ದ ಅರ್ಜಿ ನೋಡಿದರು, ಮುದುಕನನ್ನು ನೋಡಿದರು. "ಇದನ್ನು ಬರೆದ ವಾಸಪ್ಪ ನೀವೇನಾ?"

ವಾಸಪ್ಪ ಗಂಟಲು ಸರಿಮಾಡಿಕೊಂಡರು. "ಹೌದು ಸಾರ್. ಅದು ಗಲಾಟೆ ಬಗ್ಗೆ ಬರೆದದ್ದು. ನೀರಿನ ವಿಷಯ ಬೇರೆ."

ಅಧಿಕಾರಿಗೆ ನಗು ಬಂತು, ಆದರೆ ತಡೆದುಕೊಂಡರು. ರಿಜಿಸ್ಟರು ತಿರುವಿಹಾಕಿದರು. ಆಟಕ್ಕೂ ನಂಬರು, ಡಬ್ಬಿಗೂ ಸೀಲು. ಕೊನೆಗೆ ಗೋಡೆಯ ಬೋರ್ಡಿನತ್ತ ಬೆರಳು ತೋರಿಸಿದರು. "ಎಲ್ಲ ಸರಿ ಅಮ್ಮಾ. ಆದರೆ ಅಲ್ಲಿ ನಿಶ್ಶಬ್ದ ಅಂತ ಬರೆದಿದೆಯಲ್ಲ?"

ಇಷ್ಟು ವರ್ಷ ಅಧಿಕಾರಿಗಳೆದುರು ತಲೆಯೆತ್ತದ ಅನ್ನಪೂರ್ಣಮ್ಮ ಅವತ್ತು ಎತ್ತಿದರು. "ಇಪ್ಪತ್ತು ವರ್ಷ ಇಲ್ಲಿ ನಿಶ್ಶಬ್ದವೇ ಇತ್ತು ಸಾರ್. ಆಗ ನೋಡ್ಲಿಕ್ಕೆ ಒಬ್ಬರೂ ಬರ್ಲಿಲ್ಲ."

ಪ್ರಸನ್ನಕುಮಾರ್ ಅರ್ಜಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟರು. ಆಮೇಲೆ ಶಿಲ್ಪಶ್ರೀಯ ಹಿಂದೆ ಹೋಗಿ ನಿಂತರು. ನೀರು ಬಂದ ಊರಿನಲ್ಲಿ ಮನೆಗಳು ಒಂದೊಂದಾಗಿ ಏಳುತ್ತಿದ್ದವು. ಹತ್ತು ನಿಮಿಷ ನೋಡಿದವರು ಮೆಲ್ಲಗೆ, "ನನಗೂ ಒಂದು ಸಲ ಕೊಡ್ತೀಯೇನಮ್ಮಾ?" ಎಂದು ಕೇಳಿದರು.

ಹುಡುಗಿ ಏಳುವಷ್ಟರಲ್ಲಿ ಅನ್ನಪೂರ್ಣಮ್ಮ ಕಪಾಟಿನಿಂದ ತೆಳ್ಳಗಿನ ಪುಸ್ತಕವೊಂದನ್ನು ತಂದು ಅವರ ಕೈಗಿಟ್ಟರು.

"ಮೊದ್ಲು ಇದು ಸಾರ್. ಓದಿ, ಮೇಜಿನ ಮುಂದೆ ನಿಂತು ಹೇಳ್ಬೇಕು."